ಬ್ರೇಕ್ ಪ್ಯಾಡ್ ಕಂಡುಹಿಡಿದದ್ದು ಬರ್ತಾ ಬೆಂಜ್ ಅವರಾ? ಒಂದು ಬದುಕು, ಒಂದು ತುಂಡು ಚರ್ಮ

ಕಾರು ಕಂಡುಹಿಡಿದವರ ಹೆಂಡತಿ ಗಂಡನಿಗೆ ಹೇಳದೆ ಅದೇ ಕಾರಿನಲ್ಲಿ ತವರಿಗೆ ಹೊರಟರು, ದಾರಿಯಲ್ಲಿ ಬ್ರೇಕ್ ಪ್ಯಾಡನ್ನೇ ಕಂಡುಹಿಡಿದರು. ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಮೂರು ಗಾಲಿಯ ಹಳೆಯ ಗಾಡಿಯ ಚಿತ್ರವೂ ಇರುತ್ತದೆ. ಕೆಲವರು ಆ ಮಹಿಳೆಯ ಹೆಸರೇ ಮರ್ಸಿಡಿಸ್ ಎಂದೂ ಸೇರಿಸಿಬಿಡುತ್ತಾರೆ. ಇದರಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ನೋಡೋಣ.

ಚಿಕ್ಕದಾಗಿ ಹೇಳುವುದಾದರೆ, ಪ್ರಯಾಣ ನಡೆದದ್ದು ನಿಜ. ಬ್ರೇಕಿಗೆ ಚರ್ಮ ಹೊಡೆಸಿದ ಕಥೆಗೂ ಆಧಾರ ಇದೆ. ಆದರೆ ಕಂಡುಹಿಡಿದರು ಎಂಬ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಆ ಮಹಿಳೆಯ ಹೆಸರು ಮರ್ಸಿಡಿಸ್ ಅಲ್ಲ, ಬರ್ತಾ. ಅವರು ಆ ದಿನ ಇಳಿಜಾರಿನಲ್ಲಿ ಎದುರಿಸಿದ ಸಮಸ್ಯೆಯನ್ನೇ ಇಂದು ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಕಾರು ಓಡಿಸಿ ಬಂದವರೂ, ಘಾಟಿ ಇಳಿದು ಬಂದವರೂ ಎದುರಿಸುತ್ತಾರೆ. ಆದ್ದರಿಂದ ಅವರ ಬದುಕನ್ನೂ ನಮ್ಮ ಬ್ರೇಕ್ ಪ್ಯಾಡನ್ನೂ ಒಟ್ಟಿಗೇ ನೋಡುವುದು ಒಳ್ಳೆಯದು.

ಮದುವೆಗೆ ಇಟ್ಟ ಹಣ ವರ್ಕ್‌ಶಾಪಿಗೆ

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಇಂದಿನ ಜರ್ಮನಿಯ ನೈಋತ್ಯದಲ್ಲಿರುವ ಫೋರ್ಟ್ಸ್‌ಹೈಮ್ ಊರಿನಲ್ಲಿ. ತಂದೆ ಮರಗೆಲಸದಲ್ಲಿ ಮೇಲೆ ಬಂದು ಕಟ್ಟಡ ಕಟ್ಟಿಸುತ್ತಿದ್ದ ಅನುಕೂಲಸ್ಥರು. ಮಗು ಹುಟ್ಟಿದಾಗ, ಈ ಸಲವೂ ಹೆಣ್ಣೇ ಎಂಬ ಬೇಸರವನ್ನು ಅವರು ಮನೆಯ ಬೈಬಲ್ಲಿನಲ್ಲಿ ಬರೆದಿಟ್ಟಿದ್ದರಂತೆ. ಮುಂದೆ ಮಗಳು ಅದನ್ನು ಓದಿ ನೊಂದುಕೊಂಡಳು ಎಂಬುದು ಬರ್ತಾ ಅವರ ಬಗ್ಗೆ ಪದೇ ಪದೇ ಹೇಳುವ ಸಂಗತಿ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ಯಂತ್ರಗಳ ಬಗ್ಗೆ ಅವರಿಗೆ ಆಸಕ್ತಿ ಇತ್ತು, ಓದುವ ಅವಕಾಶ ಇರಲಿಲ್ಲ.

1869ರಲ್ಲಿ ಅವರಿಗೆ ಕಾರ್ಲ್ ಬೆಂಜ್ ಎಂಬ ಯುವ ಎಂಜಿನಿಯರ್ ಪರಿಚಯವಾಯಿತು. ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಮಾತ್ರ ಕುದುರೆ ಇಲ್ಲದ ಗಾಡಿ. 1871ರಲ್ಲಿ ಕಾರ್ಲ್ ಮ್ಯಾನ್‌ಹೈಮ್ ನಗರದಲ್ಲಿ ಪಾಲುದಾರರೊಬ್ಬರ ಜೊತೆ ವರ್ಕ್‌ಶಾಪ್ ತೆರೆದರು. ಪಾಲುದಾರಿಕೆ ಹೊಂದಲಿಲ್ಲ. ಆಗ ಬರ್ತಾ ತಮ್ಮ ಮದುವೆಗೆಂದು ತವರಿನವರು ಇಟ್ಟಿದ್ದ ಹಣವನ್ನು ಮದುವೆಗೆ ಮೊದಲೇ ಕೇಳಿ ಪಡೆದರು. ಅದರಿಂದ ಪಾಲುದಾರನ ಪಾಲನ್ನು ತೀರಿಸಿ, ವರ್ಕ್‌ಶಾಪ್ ಕಾರ್ಲ್ ಕೈಯಲ್ಲೇ ಉಳಿಯುವಂತೆ ಮಾಡಿದರು. ಮದುವೆ ನಡೆದದ್ದು ಮರುವರ್ಷ, 1872ರ ಜುಲೈ 20ರಂದು.

ಆಮೇಲಿನ ವರ್ಷಗಳು ಸುಲಭದ್ದಾಗಿರಲಿಲ್ಲ. ಸಾಲ, ಮಕ್ಕಳು, ಓಡದ ಎಂಜಿನ್. 1879ರ ಕೊನೆಯ ರಾತ್ರಿ, ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿದ್ದಾಗ, ಗಂಡಹೆಂಡತಿ ಇಬ್ಬರೂ ವರ್ಕ್‌ಶಾಪಿನಲ್ಲಿದ್ದರು. ಕಾರ್ಲ್ ಕಟ್ಟಿದ ಎಂಜಿನ್ ಅಂದು ಮೊದಲ ಬಾರಿಗೆ ನಿಲ್ಲದೆ ಓಡಿತು. 1883ರಲ್ಲಿ ಬೆಂಜ್ ಕಂಪನಿ ಹುಟ್ಟಿತು. 1886ರ ಜನವರಿ 29ರಂದು ಪೆಟ್ರೋಲ್ ಎಂಜಿನ್ ಗಾಡಿಯ ಪೇಟೆಂಟ್ ಅರ್ಜಿ ದಾಖಲಾಯಿತು. ಪೇಟೆಂಟ್ ಸಂಖ್ಯೆ 37435. ಕಾರಿನ ಹುಟ್ಟುಹಬ್ಬ ಎಂದು ಇಂದು ಜಗತ್ತು ನೆನೆಯುವುದು ಆ ದಿನವನ್ನೇ.

ಆ ಗಾಡಿಗೆ ಮೂರು ಗಾಲಿ. ಮೊದಲ ಮಾದರಿಯ ಶಕ್ತಿ ಒಂದು ಅಶ್ವಶಕ್ತಿಗಿಂತಲೂ ಕಡಿಮೆ, ವೇಗ ಗಂಟೆಗೆ ಹೆಚ್ಚೆಂದರೆ 16 ಕಿ.ಮೀ. ಸದ್ದು ಮಾಡುತ್ತಾ ತಾನೇ ಓಡುವ ಈ ಯಂತ್ರವನ್ನು ಜನ ನಿಂತು ನೋಡಿದರು, ಆದರೆ ಕೊಂಡುಕೊಳ್ಳಲು ಮುಂದೆ ಬರಲಿಲ್ಲ. ಊರೊಳಗೆ ನಾಲ್ಕು ಸುತ್ತು ಓಡಿದರೆ ಸಾಲದು, ದೂರ ಹೋಗಿ ಬರುತ್ತದೆ ಎಂದು ತೋರಿಸಬೇಕಿತ್ತು. ಕಾರ್ಲ್ ತಿದ್ದುತ್ತಲೇ ಕೂತಿದ್ದರು. ತೋರಿಸಲು ಹೊರಟವರು ಬರ್ತಾ.

1888ರ ಆಗಸ್ಟ್: 100 ಕಿ.ಮೀ. ದಾಟಿದ ದಾರಿ

ಶಾಲೆಗೆ ರಜೆ ಇದ್ದ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, 39 ವರ್ಷದ ಬರ್ತಾ ತಮ್ಮ ಇಬ್ಬರು ಗಂಡುಮಕ್ಕಳಾದ ಓಯ್ಗೆನ್ ಮತ್ತು ರಿಚರ್ಡ್ ಜೊತೆ ಮೂರನೆಯ ಮಾದರಿಯ ಗಾಡಿಯನ್ನು ಹೊರಡಿಸಿದರು. ಗುರಿ ಫೋರ್ಟ್ಸ್‌ಹೈಮ್, ಅವರ ತವರು. ಗಂಡನಿಗೆ ಮೊದಲೇ ತಿಳಿಸಿರಲಿಲ್ಲ. ಹೋಗುವ ದಾರಿ ಒಂದು ಕಡೆಗೇ 100 ಕಿ.ಮೀ. ದಾಟುತ್ತಿತ್ತು. ಅದುವರೆಗೆ ಯಾರೂ ಕಾರಿನಲ್ಲಿ ಇಷ್ಟು ದೂರ ಹೋಗಿರಲಿಲ್ಲ.

ಪೆಟ್ರೋಲ್ ಬಂಕ್ ಎಂಬುದೇ ಇರಲಿಲ್ಲ. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರಾಯಿನ್ ಎಂಬ ದ್ರಾವಕ ಸಿಗುತ್ತಿತ್ತು, ಕಲೆ ತೆಗೆಯಲು ಬಳಸುವಂಥದ್ದು. ಅದನ್ನೇ ಕೊಂಡು ಇಂಧನವಾಗಿ ಸುರಿದರು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂಬ ಹೆಸರು ಆ ಔಷಧಿ ಅಂಗಡಿಗೆ ಬಂದದ್ದು ಹೀಗೆ. ಎಂಜಿನ್ ತಣಿಸುವ ನೀರು ಆವಿಯಾಗಿ ಹೋಗುತ್ತಿದ್ದುದರಿಂದ ಬಾವಿ, ಹಳ್ಳ ಕಂಡಲ್ಲೆಲ್ಲ ನಿಲ್ಲಿಸಿ ತುಂಬಿಸಬೇಕಿತ್ತು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ವಿದ್ಯುತ್ ತಂತಿ ತಾಗಿ ಕಿಡಿ ನಿಂತಾಗ ಕಾಲುಚೀಲದ ಪಟ್ಟಿ ಸುತ್ತಿ ರಕ್ಷಣೆ ಕೊಟ್ಟರು. ಚೈನು ತೊಂದರೆ ಕೊಟ್ಟಾಗ ಕಮ್ಮಾರರ ನೆರವು ಸಿಕ್ಕಿತು. ಏರು ಬಂದಾಗ ಎಂಜಿನ್ ಸೋಲುತ್ತಿತ್ತು. ಆಗ ಇಳಿದು ತಳ್ಳಬೇಕು.

ಏರಿಗಿಂತ ಇಳಿಜಾರು ಹೆಚ್ಚು ಅಪಾಯದ್ದು. ಏರಿನಲ್ಲಿ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಸೋತರೆ ಗಾಡಿ ನಿಲ್ಲುವುದಿಲ್ಲ.

ಲಿವರ್ ಎಳೆದಾಗ ಉಜ್ಜಿಕೊಂಡು ವೇಗ ತಗ್ಗಿಸುವ ಮರದ ತುಂಡುಗಳೇ ಆ ಗಾಡಿಯ ಬ್ರೇಕ್. ಇಳಿಜಾರು ಉದ್ದವಾದಷ್ಟೂ ಹೆಚ್ಚು ಉಜ್ಜಬೇಕು. ಹೆಚ್ಚು ಉಜ್ಜಿದಷ್ಟೂ ಬಿಸಿ, ಸವೆತ, ಹಿಡಿತದ ನಷ್ಟ. ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಬರ್ತಾ ಗಾಡಿ ನಿಲ್ಲಿಸಿ ಬೂಟು ಹೊಲಿಯುವವರನ್ನು ಹುಡುಕಿದರು. ಬ್ರೇಕಿನ ತುಂಡುಗಳಿಗೆ ಚರ್ಮ ಹೊಡೆಸಿಕೊಂಡರು. ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ತಲುಪಿ ಗಂಡನಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ಬಳಿಕ ಅದೇ ಗಾಡಿಯಲ್ಲಿ ಮ್ಯಾನ್‌ಹೈಮ್‌ಗೆ ಮರಳಿದರು.

ಹಾಗಾದರೆ ಕಂಡುಹಿಡಿದದ್ದು ಅವರೇ ಅಲ್ಲವೇ?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಘಟನೆಯನ್ನು ಹೇಳುವವರು ಎರಡು ಬಗೆಯಲ್ಲಿ ಹೇಳುತ್ತಾರೆ. ಬರಿಯ ಮರದ ತುಂಡಿಗೆ ಅಂದು ಮೊದಲ ಸಲ ಚರ್ಮ ಹೊಡೆಸಿದರು ಎಂಬುದು ಒಂದು. ಇದ್ದ ಚರ್ಮವೇ ಸವೆದುಹೋಗಿ ಹೊಸದನ್ನು ಹಾಕಿಸಿದರು ಎಂಬುದು ಇನ್ನೊಂದು. ಜೊತೆಗೆ ಬ್ರೇಕಿಗೆ ಚರ್ಮ ಬಳಸುವ ಯೋಚನೆ ಕುದುರೆಗಾಡಿಯವರಿಗೂ ಹೊಳೆದಿತ್ತು. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬುವರು, ಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟುಗಳನ್ನು ಬ್ರೇಕಿಗೆ ಕಟ್ಟುವುದನ್ನು ನೋಡಿಯೇ ಬ್ರೇಕ್ ಲೈನಿಂಗ್ ತಯಾರಿಸಲು ಹೊರಟರು. 1897ರಲ್ಲಿ ಅವರು ಶುರುಮಾಡಿದ ಉದ್ಯಮವೇ ಮುಂದೆ ಫೆರೋಡೊ ಎಂದು ಹೆಸರಾಯಿತು.

ಹಾಗಾಗಿ ಒಬ್ಬರೇ ಕಂಡುಹಿಡಿದರು ಎನ್ನುವುದಕ್ಕಿಂತ, ಕಾರಿನ ಬ್ರೇಕ್ ಸವೆತವನ್ನು ದೂರಪ್ರಯಾಣದ ನಡುವೆ ಗುರುತಿಸಿ ದಾರಿಯಲ್ಲೇ ಸರಿಪಡಿಸಿದ ಮೊದಲ ಚಾಲಕಿ ಎನ್ನುವುದು ಹೆಚ್ಚು ಸರಿ. ಇದು ಚಿಕ್ಕ ಸಾಧನೆಯಲ್ಲ. ಎರಡೂ ಬಗೆಯ ಹೇಳಿಕೆಯಲ್ಲಿ ಒಂದು ವಿಷಯ ಸಮಾನವಾಗಿದೆ: ಬ್ರೇಕ್ ಪೂರ್ತಿ ಕೈಕೊಡುವ ತನಕ ಅವರು ಕಾಯಲಿಲ್ಲ. ಉಜ್ಜಿ ಸವೆಯುವ ಭಾಗ ಬೇರೆಯಾಗಿರಬೇಕು, ಅಗ್ಗವಾಗಿರಬೇಕು, ಬದಲಿಸಲು ಸುಲಭವಾಗಿರಬೇಕು. ಇಂದಿನ ಬ್ರೇಕ್ ಪ್ಯಾಡಿನ ತತ್ವವೂ ಇದೇ. ಪ್ಯಾಡ್ ಸವೆಯುವುದು ದೋಷವಲ್ಲ, ಅದರ ಕೆಲಸವೇ ಸವೆಯುವುದು. ಸವೆದದ್ದನ್ನು ನೋಡದೇ ಇರುವುದು ದೋಷ.

16 ಕಿ.ಮೀ. ವೇಗದಿಂದ 200 ಕಿ.ಮೀ. ವೇಗಕ್ಕೆ

ಬರ್ತಾ ಪ್ರಯಾಣದ ಸುದ್ದಿ ಹಬ್ಬಿತು. ಏರಿಗೆ ಅನುಕೂಲವಾಗುವಂತೆ ಇನ್ನೊಂದು ಗೇರ್ ಬೇಕೆಂಬ ಅವರ ಅನುಭವದ ಮಾತನ್ನು ಕಾರ್ಲ್ ಒಪ್ಪಿ ಅಳವಡಿಸಿದರು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂತು. ನಿಧಾನವಾಗಿ ಕೊಳ್ಳುವವರೂ ಬಂದರು. 1899ರಲ್ಲಿ ಬೆಂಜ್ ಕಂಪನಿ ಒಂದೇ ವರ್ಷದಲ್ಲಿ 572 ಗಾಡಿಗಳನ್ನು ತಯಾರಿಸಿತು.

1909ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಬೆಂಜ್ ಹೆಸರಿನ ಕಾರೊಂದು ಗಂಟೆಗೆ 202 ಕಿ.ಮೀ. ದಾಟಿತು. ಆಗ ಬರ್ತಾ ಅವರಿಗೆ 60 ವರ್ಷ. ಅವರ ಕಣ್ಣೆದುರೇ ಕಾರಿನ ವೇಗ ಹನ್ನೆರಡು ಪಟ್ಟಿಗಿಂತ ಹೆಚ್ಚಾಗಿತ್ತು. ಬ್ರೇಕಿನ ಮೇಲಿನ ಭಾರ ಮಾತ್ರ ಹನ್ನೆರಡು ಪಟ್ಟು ಹೆಚ್ಚಲಿಲ್ಲ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 16ರಿಂದ 202ಕ್ಕೆ ಏರಿದರೆ, ಅದೇ ತೂಕಕ್ಕೆ ಶಕ್ತಿ ಸುಮಾರು 160 ಪಟ್ಟು. ಕಾರು ನಿಲ್ಲಬೇಕಾದರೆ ಆ ಶಕ್ತಿಯ ಬಹುಪಾಲನ್ನು ಬ್ರೇಕ್ ಬಿಸಿಯಾಗಿ ಬದಲಿಸಿ ಹೊರಹಾಕಬೇಕು.

ಚರ್ಮದ ಕಾಲ ಮುಗಿದದ್ದು ಇದರಿಂದಲೇ. ಬಿಸಿ ತಡೆಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಂತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ ಎಂದು ಗೊತ್ತಾದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. 1953ರ ಲೆ ಮಾನ್ 24 ಗಂಟೆಗಳ ರೇಸಿನಲ್ಲಿ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಗೆದ್ದ ಮೇಲೆ ಅದರ ಬಲ ಎಲ್ಲರಿಗೂ ಕಂಡಿತು. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ.

ಟ್ರ್ಯಾಕಿನಲ್ಲಿ ಒಂದು ದಿನ: ಪ್ಯಾಡಿಗೆ ಏನಾಗುತ್ತದೆ?

ಈಗ ನಮ್ಮ ಕಾಲಕ್ಕೆ ಬರೋಣ. ದಿನವೂ ಕಚೇರಿಗೆ ಓಡಿಸುವ ಕಾರನ್ನೇ ರೇಸ್ ಟ್ರ್ಯಾಕಿಗೆ ಕೊಂಡೊಯ್ದು ಒಂದು ದಿನ ಓಡಿಸಿ ಬರುವ ಹವ್ಯಾಸ ಇಂದು ಹಲವರಿಗಿದೆ. ಎಷ್ಟೋ ಕಿ.ಮೀ. ಬರಬೇಕಿದ್ದ ಪ್ಯಾಡ್ ಒಂದೇ ದಿನದಲ್ಲಿ ಹೇಗೆ ಹಾಳಾಯಿತು ಎಂದು ಕೆಲವರು ಆಮೇಲೆ ಬೆರಗಾಗುತ್ತಾರೆ. ಲೆಕ್ಕ ಹಾಕಿದರೆ ಬೆರಗು ಉಳಿಯುವುದಿಲ್ಲ.

1,200 ಕಿಲೋ ತೂಕದ ಕಾರು ಎಂದಿಟ್ಟುಕೊಳ್ಳಿ. ಊರೊಳಗೆ 50 ಕಿ.ಮೀ. ವೇಗದಲ್ಲಿದ್ದಾಗ ನಿಲ್ಲಿಸಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.16 ಲಕ್ಷ ಜೂಲ್. ಟ್ರ್ಯಾಕಿನಲ್ಲಿ ಒಂದು ತಿರುವಿಗೆ ಮೊದಲು 160ರಿಂದ 80ಕ್ಕೆ ಇಳಿಸಿದರೆ ಸುಮಾರು 8.9 ಲಕ್ಷ ಜೂಲ್. ಏಳೆಂಟು ಪಟ್ಟು ಹೆಚ್ಚು. ಎರಡೂವರೆ ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ, ಕೆಲವೇ ಸೆಕೆಂಡುಗಳಲ್ಲಿ! ಮುಂದಿನ ತಿರುವಿನಲ್ಲಿ ಮತ್ತೆ ಅದೇ. ನಡುವೆ ತಣಿಯಲು ಸಮಯವಿಲ್ಲ.

ಆಗ ಮೂರು ತೊಂದರೆ ಆಗುತ್ತದೆ. ಒಂದು, ಪ್ಯಾಡಿನ ಪುಡಿಗಳನ್ನು ಹಿಡಿದಿಡುವ ಅಂಟುರಾಳ ಅತಿ ಬಿಸಿಗೆ ಕೊಳೆತು ಅನಿಲ ಬಿಡುತ್ತದೆ, ಹಿಡಿತ ಜಾರುತ್ತದೆ. ಮೇಲ್ಮೈ ಗಾಜಿನಂತೆ ಹೊಳಪಾಗಿಬಿಟ್ಟರೆ ತಣಿದ ಮೇಲೂ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲ. ಎರಡು, ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಅಲ್ಲಲ್ಲಿ ಮೆತ್ತಿಕೊಂಡು ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬಾಗಿದೆ ಎಂದು ಹಲವರು ತಿಳಿಯುತ್ತಾರೆ, ಹೆಚ್ಚಿನ ಸಲ ಕಾರಣ ಈ ಮೆತ್ತಿದ ಪದರ. ಮೂರು, ಬಿಸಿ ಬ್ರೇಕ್ ಆಯಿಲ್ ತನಕ ಹೋಗುತ್ತದೆ. ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲಿಗೆ ನಿಗದಿಯಾದ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಆಯಿಲ್ ಕುದಿದರೆ ಒಳಗೆ ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಅಪಾಯ ಟ್ರ್ಯಾಕಿನಲ್ಲೇ ಮುಗಿಯುವುದಿಲ್ಲ. ಅದೇ ಪ್ಯಾಡಿನಲ್ಲಿ, ಅದೇ ಆಯಿಲಿನಲ್ಲಿ ಮನೆಗೆ ಮರಳಬೇಕು. ಹೆದ್ದಾರಿಯಲ್ಲಿ ಪಕ್ಕದ ಸೀಟಿನಲ್ಲಿ ಮನೆಯವರಿರುತ್ತಾರೆ, ಎದುರಿನಿಂದ ಬೇರೆಯವರೂ ಬರುತ್ತಿರುತ್ತಾರೆ.

ಮನೆಗೆ ಹೊರಡುವ ಮುನ್ನ ನೋಡಬೇಕಾದದ್ದು

• ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಒತ್ತದೆ ನಿಧಾನವಾಗಿ ಓಡಿಸಿ. ಗಾಳಿಯೇ ಬ್ರೇಕನ್ನು ತಣಿಸಲಿ.
• ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು, ಗಾಲಿಗೆ ಅಡ್ಡ ಕೊಡಿ.
• ತಣಿದ ಮೇಲೆ ಪ್ಯಾಡಿನ ದಪ್ಪ ನೋಡಿ ಅಥವಾ ಮೆಕ್ಯಾನಿಕ್ ಬಳಿ ನೋಡಿಸಿ. ಹೊರಗಿನ ಪ್ಯಾಡ್ ಮಾತ್ರವಲ್ಲ, ಒಳಗಿನದನ್ನೂ ನೋಡಬೇಕು. ಉಜ್ಜುವ ಪದರ ಸುಮಾರು 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸುವ ಸಮಯ ಬಂದಿದೆ.
• ದಪ್ಪ ಇದ್ದ ಮಾತ್ರಕ್ಕೆ ಪ್ಯಾಡ್ ಸರಿ ಇದೆ ಎಂದಲ್ಲ. ಹೊಳಪು, ಬಿರುಕು, ಅಂಚು ಉದುರಿರುವುದು, ಒಂದು ಕಡೆ ಮಾತ್ರ ಸವೆದಿರುವುದು, ಇವೆಲ್ಲ ಹಾನಿಯ ಗುರುತು.
• ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಅತಿಯಾಗಿ ಬಿಸಿಯಾಗಿದೆ ಎಂದರ್ಥ. ಬಿರುಕು ಅಂಚಿನ ತನಕ ಬಂದಿದ್ದರೆ ಆ ಡಿಸ್ಕನ್ನು ಬಳಸಲೇಬಾರದು.
• ಕ್ಯಾಲಿಪರಿನ ರಬ್ಬರ್ ಹೊದಿಕೆ ಸುಟ್ಟಿದೆಯೇ, ಆಯಿಲ್ ಸೋರುತ್ತಿದೆಯೇ ಎಂದು ನೋಡಿ.
• ಪೆಡಲ್ ಮೆತ್ತಗಾಗಿದ್ದರೆ ಕಾರು ಓಡಿಸಬೇಡಿ. ಆಯಿಲ್ ಬದಲಿಸಿ, ಒಳಗಿನ ಗಾಳಿ ತೆಗೆಸಿ.

ಮೂರು ತಪ್ಪು ನಂಬಿಕೆಗಳು

ಬಿಸಿ ಬ್ರೇಕಿಗೆ ನೀರು ಹಾಕಿದರೆ ಒಳ್ಳೆಯದು: ತಪ್ಪು. ಕೆಂಡದಂತಿರುವ ಲೋಹ ಒಮ್ಮೆಲೇ ತಣಿದರೆ ಬಾಗಬಹುದು, ಬಿರುಕು ಬಿಡಬಹುದು.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ: ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಇದು ತಿರುಗುಮುರುಗು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಹೋಗುವ ಇಂಧನವೇ ಕಡಿತವಾಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಸುಡಲೇಬೇಕು. ಅದಕ್ಕಿಂತ ಮುಖ್ಯವಾಗಿ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅದೇ 1,200 ಕಿಲೋ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ, 50 ಕಿ.ಮೀ. ವೇಗದಿಂದ ಕಾರನ್ನು ಸುಮಾರು 50 ಸಲ ನಿಲ್ಲಿಸುವುದಕ್ಕೆ ಸಮ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವವರು ಇದನ್ನು ನೆನಪಿಡಬೇಕು. ಕೆಳಗಿನ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರುವ ಬದಲು, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಿ.

ಸದ್ದು ಬಂದ ಮೇಲೆ ನೋಡಿಕೊಂಡರಾಯಿತು: ಕೆಲವು ಪ್ಯಾಡುಗಳಲ್ಲಿ ಸವೆದಾಗ ಕಿರುಚುವ ಲೋಹದ ಪಟ್ಟಿ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಹೊಳಪಾದ ಪ್ಯಾಡ್, ತೇವ ಹೀರಿದ ಆಯಿಲ್ ಯಾವ ಸದ್ದನ್ನೂ ಮಾಡದೆ ಕೈಕೊಡಬಹುದು.

ಬರ್ತಾ ಅವರ ಕೊನೆಯ ದಿನಗಳು

1903ರಲ್ಲಿ ಕಾರ್ಲ್ ಕಂಪನಿಯ ದೈನಂದಿನ ಕೆಲಸದಿಂದ ದೂರವಾದರು. 1906ರಲ್ಲಿ ಕುಟುಂಬ ಲಾಡೆನ್‌ಬರ್ಗ್ ಊರಿನಲ್ಲಿ ಬೇರೆ ಸಂಸ್ಥೆ ಕಟ್ಟಿತು. 1926ರಲ್ಲಿ ಹಳೆಯ ಬೆಂಜ್ ಕಂಪನಿ ಮತ್ತು ಡೈಮ್ಲರ್ ಕಂಪನಿ ಒಂದಾದವು. ಮರ್ಸಿಡಿಸ್ ಹೆಸರು ಬಂದದ್ದು ಡೈಮ್ಲರ್ ಕಡೆಯಿಂದ. ಆ ಕಂಪನಿಯ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲ್ಲಿನೆಕ್ ಎಂಬುವರ ಮಗಳ ಹೆಸರು ಅದು. ಬರ್ತಾ ಅವರಿಗೂ ಆ ಹೆಸರಿಗೂ ನಂಟಿಲ್ಲ.

ಕಾರ್ಲ್ ಬೆಂಜ್ 1929ರ ಏಪ್ರಿಲ್ 4ರಂದು ತೀರಿಕೊಂಡರು. ಹೆಂಡತಿಯ ಧೈರ್ಯ ಇಲ್ಲದಿದ್ದರೆ ತಮ್ಮ ಕೆಲಸ ನಡೆಯುತ್ತಿರಲಿಲ್ಲ ಎಂಬುದನ್ನು ಅವರು 1925ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದರು. 1944ರಲ್ಲಿ, 95ನೆಯ ಹುಟ್ಟುಹಬ್ಬದ ಹೊತ್ತಿಗೆ, ಕಾರ್ಲ್ಸ್‌ರೂಹ ತಾಂತ್ರಿಕ ವಿದ್ಯಾಲಯ ಬರ್ತಾ ಅವರನ್ನು ಗೌರವ ಸೆನೆಟರ್ ಎಂದು ಮನ್ನಿಸಿತು. ಹುಡುಗಿಯಾಗಿದ್ದಾಗ ಓದಲು ಬಾಗಿಲು ತೆರೆಯದ ಜಗತ್ತು ಕೊಟ್ಟ ತಡವಾದ ಗೌರವ ಅದು. ಎರಡು ದಿನಗಳ ಬಳಿಕ, ಮೇ 5ರಂದು, ಲಾಡೆನ್‌ಬರ್ಗ್‌ನಲ್ಲಿ ಅವರು ಕಣ್ಣುಮುಚ್ಚಿದರು. 2008ರಿಂದ ಅವರು ಸಾಗಿದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂಬ ಫಲಕಗಳಿವೆ.

ಫಾರ್ವರ್ಡ್ ಮಾಡುವ ಮುನ್ನ

ನಿಮಗೆ ಬಂದ ಫಾರ್ವರ್ಡನ್ನು ಅಳಿಸಬೇಕಿಲ್ಲ, ತಿದ್ದಿ ಕಳುಹಿಸಿ. ಬರ್ತಾ ಬೆಂಜ್ 1888ರಲ್ಲಿ ಮೊದಲ ದೂರದ ಕಾರು ಪ್ರಯಾಣ ಮಾಡಿದ್ದು ನಿಜ. ಬ್ರೇಕ್ ಸವೆದಾಗ ಗಾಡಿ ನಿಲ್ಲಿಸಿ ಚರ್ಮ ಹೊಡೆಸಿದ್ದು ಅವರ ಪ್ರಯಾಣದ ಕಥೆಯ ಭಾಗ. ಬ್ರೇಕ್ ಪ್ಯಾಡನ್ನು ಅವರೊಬ್ಬರೇ ಕಂಡುಹಿಡಿದರು ಎಂಬುದು ಅತಿಶಯೋಕ್ತಿ. ಅದರ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಮುಂದಿನ ಸರ್ವಿಸ್‌ನಲ್ಲಿ ನಾಲ್ಕೂ ಗಾಲಿಯ ಬ್ರೇಕ್ ತೆಗೆಸಿ ನೋಡಿ, ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದೆಯೇ ಎಂದು ಕೇಳಿ. ಮೆಕ್ಯಾನಿಕ್, ಗ್ಯಾರೇಜ್ ಯಾವುದೂ ಇಲ್ಲದ ಕಾಲದಲ್ಲಿ ಬರ್ತಾ ಗಾಡಿ ನಿಲ್ಲಿಸಿ ಬ್ರೇಕ್ ಸರಿಮಾಡಿಸಿದರು. ಊರಿಗೊಂದು ಗ್ಯಾರೇಜ್ ಇರುವ ನಮಗೆ ಅದು ಕಷ್ಟವೇನಲ್ಲ.